ಹಸ್ತಪ್ರತಿ ಸೂಚಿಯ ಜಾಲತಾಣದಲ್ಲಿ 'ಇಲ್ಲ' ಎಂಬ ಉತ್ತರ

ಹಸ್ತಪ್ರತಿಗಳ ವಿವರಗಳನ್ನು ಗಣಕದ ದತ್ತಾಂಶಕೋಶದಲ್ಲಿ ತುಂಬಿ ಜಾಲತಾಣದ ಮೂಲಕ ಒದಗಿಸುವ ಪದ್ಧತಿ ಈಗ ರೂಢವಾಗಿದೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' (1948)ಯಂತಹ ಮುದ್ರಿತ ಸೂಚಿಯಲ್ಲಿ ಪುಟ ಹರಿದಿದ್ದರೆ ಹರಿದುದು ಕಣ್ಣಿಗೆ ಕಾಣುತ್ತದೆ. ಜಾಲತಾಣದಲ್ಲಿ ಹಾಗಲ್ಲ. ಬರಿದಾದ ಪುಟವೊಂದು ಎದುರಿಗೆ ಬಂದಾಗ ಗ್ರಂಥವೇ ಇಲ್ಲವೋ, ಕೋಶವನ್ನು ತಲುಪಲಾಗಲಿಲ್ಲವೋ ಎಂಬುದು ತಿಳಿಯದು.

ಮಾಣಿಕ್ಯನಂದಿಯ ಪರೀಕ್ಷಾಮುಖವು ಹೇತುವನ್ನು ಉಪಲಬ್ಧಿ, ಅನುಪಲಬ್ಧಿ ಎಂದು ವಿಭಾಗಿಸುವುದು ವಿದ್ವಾಂಸರಿಗೆ ತಿಳಿದುದೇ. ಭೂತಲದಲ್ಲಿ ಘಟವು ಕಾಣದಿರುವುದರಿಂದ ಘಟವಿಲ್ಲವೆಂದು ನಿಶ್ಚಯಿಸಬಹುದು. ಆದರೆ ಭೂತಲವಾದರೂ ಕಾಣುತ್ತಿರಬೇಕು. ದೀಪವಾರಿದ ಕೋಣೆಯಲ್ಲಿ ಆ ಮಾತು ಸಲ್ಲದು. ಕೋಶದ ಸಂಪರ್ಕ ಕಡಿದಾಗಲೂ 'ಪ್ರತಿಗಳು ದೊರೆಯಲಿಲ್ಲ' ಎನ್ನುವ ಜಾಲತಾಣವು ದೀಪವಾರಿದುದನ್ನು ಮರೆಮಾಚುತ್ತದೆ. ಅದನ್ನು ನಂಬಿದ ಸಂಪಾದಕನು ಪೀಠಿಕೆಯಲ್ಲಿ 'ಅನ್ಯ ಪ್ರತಿಗಳಿಲ್ಲ' ಎಂದು ಬರೆದುಬಿಟ್ಟಾನು.

ಬೀದರ ಜಿಲ್ಲೆಯ ಎರಡು ಊರುಗಳನ್ನೇ ತೆಗೆದುಕೊಳ್ಳೋಣ. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವು ನಿಜಾಮರ ಕಾಲದಲ್ಲಿ ಕಲ್ಯಾಣಿ, ಈಗ ಬಸವಕಲ್ಯಾಣ. ಈಗಿನ ಹೆಸರಿನಿಂದ ಹುಡುಕಿದವನಿಗೆ ಹಳೆಯ ಹೆಸರಿನ ನಮೂದುಗಳು ಸಿಗವು. ಬರಿದೆ 'ಕಲ್ಯಾಣ'ವೆಂದರೋ, ಉಗ್ರಾದಿತ್ಯನ ಕಲ್ಯಾಣಕಾರಕವೂ ಕಲ್ಯಾಣಮಂದಿರ ಸ್ತೋತ್ರವೂ ಪಂಚಕಲ್ಯಾಣದ ಕೃತಿಗಳೂ ರಾಶಿಯಾಗಿ ಬಂದು ಬೀಳುತ್ತವೆ! ಹುಮನಾಬಾದದ ತೊಡಕು ಬೇರೆ ತೆರನದು. ಹುಮನಾಬಾದ, ಹುಮನಾಬಾದ್, ಹುಮ್ನಾಬಾದ್ ಎಂದು ನಾನಾ ಬಗೆಯಲ್ಲಿ ಬರೆಯುವುದುಂಟು. ಕೊನೆಯ ಅರ್ಧಾಕ್ಷರದ ಬಳಿಕ ಕಣ್ಣಿಗೆ ಕಾಣದ ಸಂಕೇತವೊಂದು ಬೆರಳಚ್ಚಿನಲ್ಲಿ ಸೇರಿಕೊಂಡಿದ್ದರೂ ಗಣಕವು ಅದನ್ನು ಬೇರೆ ಪದವೆಂದೇ ಎಣಿಸೀತು. ಇವು ಯಂತ್ರದ ಕೆಡುಕಲ್ಲ. ಅಂತಹ ಸಂಕೇತಗಳನ್ನು ಶೋಧಕ್ಕೆ ಮೊದಲೇ ತೆಗೆದುಹಾಕಿ, ಪರ್ಯಾಯನಾಮಗಳ ಪಟ್ಟಿಯನ್ನು ಕೋಶದಲ್ಲಿಟ್ಟು, ಫಲವಿಲ್ಲದಲ್ಲಿ ಯಾವ ಯಾವ ರೂಪಗಳನ್ನು ಹುಡುಕಲಾಯಿತೆಂಬುದನ್ನು ವಾಚಕನಿಗೆ ತೋರಿಸತಕ್ಕದ್ದು.

ಸಂಪರ್ಕವೇ ಕಡಿದರೆ ಕ್ರಮ ಬೇರೆ. 'ಸೂಚಿಯನ್ನು ಈಗ ನೋಡಲಾಗುತ್ತಿಲ್ಲ. ಇದರಿಂದ ಪ್ರತಿಯಿಲ್ಲವೆಂದು ತಿಳಿಯಬಾರದು' ಎಂದು ಸರಳವಾಗಿ ಹೇಳಿ, ವಾಚಕನು ಬರೆದ ಪದಗಳನ್ನು ಅಳಿಸದೆ ಉಳಿಸಿ, ಒಂದು ದೋಷಸಂಖ್ಯೆಯನ್ನು ಕೊಡಬೇಕು. ಕಡತದ ದಾರಿ, ಕೋಷ್ಟಕಗಳ ಹೆಸರು ಮುಂತಾದ ಒಳವಿವರಗಳು ನಿರ್ವಾಹಕನ ದಾಖಲೆಯಲ್ಲಿರಲಿ. ಅವು ಪುಟದಲ್ಲಿ ಬಿದ್ದರೆ ವಾಚಕನಿಗೆ ಅರ್ಥವಾಗವು, ಕಳ್ಳನಿಗೆ ಮಾತ್ರ ಉಪಯೋಗ. ಇನ್ನೊಂದು ಸೂಕ್ಷ್ಮವುಂಟು. ಪುಟದೊಡನೆ ಹೋಗುವ ಸ್ಥಿತಿಸಂಖ್ಯೆಯೂ ಸತ್ಯವನ್ನೇ ನುಡಿಯಬೇಕು: ಕೇಳಿದ ನಮೂದಿಲ್ಲದಿದ್ದರೆ 404, ಸೇವೆ ತಾತ್ಕಾಲಿಕವಾಗಿ ನಿಂತಿದ್ದರೆ 503. ಕೆಟ್ಟ ಪುಟವನ್ನು ಸರಿಯೆಂಬ 200ರೊಡನೆ ಕಳುಹಿದರೆ, ಸೂಚಿಗಳನ್ನು ಒಟ್ಟುಗೂಡಿಸುವ ಇತರ ಗಣಕಗಳು ಆ ಶೂನ್ಯವನ್ನೇ ಪ್ರಮಾಣವಾಗಿ ಹಿಡಿಯುತ್ತವೆ.

ನಮೂದು ಮಾಡುವಾಗಿನ ದೋಷವೂ ಲಘುವಲ್ಲ. ಗ್ರಂಥನಾಮ ಸೇರಿ ಗರಿಗಳ ಸಂಖ್ಯೆ ಸೇರುವ ಮೊದಲೇ ವಿದ್ಯುತ್ತು ಹೋದರೆ ಅರೆಬರೆ ನಮೂದು ಉಳಿಯಬಾರದು. ಸಂಬಂಧಿಸಿದ ಎಲ್ಲ ಬರಹಗಳೂ ಒಟ್ಟಿಗೆ ನಿಲ್ಲಬೇಕು, ಇಲ್ಲವೇ ಒಟ್ಟಿಗೆ ಹಿಂತೆಗೆಯಬೇಕು. ಆದರೆ ಮೂಲದಲ್ಲೇ ಗರಿ ಮುರಿದು ಲಿಪಿಕಾರನ ಹೆಸರು ಹೋಗಿದ್ದರೆ ಆ ಅಂಕಣವನ್ನು ಬರಿದಾಗಿ ಬಿಡದೆ 'ಗರಿ ತ್ರುಟಿತ' ಎಂದೇ ಬರೆಯತಕ್ಕದ್ದು.