ಧರ್ಮದ ವಿಷಯದಲ್ಲಿ ಪ್ರಶ್ನೆ ಕೇಳಬಾರದೇ? ಹಾವು ಕಡಿತದ ಫಾರ್ವರ್ಡ್ ಮತ್ತು ನಿಜಾಂಶ

"ಹಾವು ಕಡಿದರೆ ಗಾಬರಿ ಬೇಡ. ಮಂತ್ರಿಸಿದ ತೀರ್ಥ ಕುಡಿಸಿ, ವಿಷ ಇಳಿಯುತ್ತದೆ. ನಂಬಿದವರಿಗೆ ಮಾತ್ರ ಫಲ. ಹನ್ನೊಂದು ಜನರಿಗೆ ಕಳಿಸಿ." ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಬರುತ್ತಲೇ ಇರುತ್ತವೆ. ಯಾರಾದರೂ "ಇದು ನಿಜವೇ?" ಎಂದರೆ, "ಧರ್ಮದ ವಿಷಯದಲ್ಲಿ ಪ್ರಶ್ನೆ ಮಾಡಬಾರದು" ಎಂಬ ಉತ್ತರ ಬರುತ್ತದೆ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಶಾಮನೂರು, ಹರಿಹರದ ಸುತ್ತಮುತ್ತಲಿನವರಿಗೆ ಗದ್ದೆಯಲ್ಲಿ ಹಾವು ಎದುರಾಗುವುದು ಹೊಸದಲ್ಲ. ಹಾಗಾಗಿ ಈ ಎರಡೂ ಮಾತುಗಳನ್ನು ಪರಿಶೀಲಿಸೋಣ.

ಮಂತ್ರದಿಂದ ವಿಷ ಇಳಿಯುತ್ತದೆಯೇ?

ಇಲ್ಲ. ಹಾಗಾದರೆ "ನಮ್ಮೂರಲ್ಲಿ ಒಬ್ಬರು ಬದುಕಿದರಲ್ಲ" ಎನ್ನುವುದು ಸುಳ್ಳೇ? ಅದೂ ಸುಳ್ಳಲ್ಲ. ನಮ್ಮ ಸುತ್ತ ಕಾಣುವ ಹಾವುಗಳಲ್ಲಿ ಹೆಚ್ಚಿನವು ವಿಷರಹಿತ. ಕೇರೆಹಾವು, ನೀರುಹಾವು ಕಡಿದರೆ ಯಾರೂ ವಿಷದಿಂದ ಸಾಯುವುದಿಲ್ಲ. ನಾಗರಹಾವು, ಕೊಳಕುಮಂಡಲಗಳೂ ಕೆಲವೊಮ್ಮೆ ವಿಷ ಬಿಡದೆ ಕಡಿಯುತ್ತವೆ. ಇಂಥವರಿಗೆ ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ. ಬದುಕಿದವರ ಕಥೆ ಊರೆಲ್ಲ ಹಬ್ಬುತ್ತದೆ. ಸತ್ತರೆ "ನಂಬಿಕೆ ಸಾಲಲಿಲ್ಲ" ಎನ್ನುತ್ತಾರೆ. ಗೆದ್ದರೂ ಸರಿ, ಸೋತರೂ ಸರಿ ಎನ್ನುವ ಮಾತನ್ನು ಪರೀಕ್ಷಿಸಲು ದಾರಿಯೇ ಇರುವುದಿಲ್ಲ.

ವಿಷ ನಿಜವಾಗಿಯೂ ದೇಹ ಸೇರಿದ್ದರೆ ಅದಕ್ಕೆ ಇರುವ ಔಷಧ ಪ್ರತಿವಿಷದ ಚುಚ್ಚುಮದ್ದು. ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಇದನ್ನು ತಯಾರಿಸುತ್ತಾರೆ. ತೀರ್ಥ ಕುಡಿಸುತ್ತಾ ಕಳೆದ ಒಂದೊಂದು ಗಂಟೆಯೂ ಜೀವಕ್ಕೆ ಕುತ್ತು.

ಪ್ರಶ್ನಿಸುವುದು ಧರ್ಮಕ್ಕೆ ಅವಮಾನವೇ?

ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರೂ ಉಳಿದ ಶರಣರೂ ಜಾತಿಯನ್ನು, ಅರ್ಥವಿಲ್ಲದ ಆಚರಣೆಗಳನ್ನು ನೇರವಾಗಿ ಪ್ರಶ್ನಿಸಿದರು. ಅವರು ಭಕ್ತರೇ ಆಗಿದ್ದರು. ನಮ್ಮ ನೆಲದಲ್ಲಿ ಪ್ರಶ್ನೆ ಹೊರಗಿನಿಂದ ಬಂದದ್ದಲ್ಲ.

1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿ ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕರ ಕರ್ತವ್ಯ ಎನ್ನುತ್ತದೆ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದರು. ಪವಾಡಗಳನ್ನು ಪರೀಕ್ಷೆಗೆ ಒಡ್ಡುವಂತೆ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂಬುದು ಎಚ್ಚೆನ್ ಅವರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮಾತು.

ಕಾನೂನು ಏನು ಹೇಳುತ್ತದೆ?

ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಹಾವು, ಚೇಳು, ನಾಯಿ ಕಡಿದವರಿಗೆ ವೈದ್ಯರ ಚಿಕಿತ್ಸೆ ತಪ್ಪಿಸಿ ಮಂತ್ರ-ತಂತ್ರ ಮಾಡುವುದು ಇದರಡಿ ಅಪರಾಧ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆಗಳಿಗೆ ಅಡ್ಡಿಯಿಲ್ಲ. ಅಂದರೆ ಕಾನೂನು ತಡೆಯುವುದು ನಂಬಿಕೆಯನ್ನಲ್ಲ, ಅದರ ಹೆಸರಲ್ಲಿ ಆಗುವ ಹಾನಿಯನ್ನು.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ

1. ಇದು ಎಲ್ಲಿ, ಯಾವಾಗ, ಯಾರಿಗೆ ಆಯಿತು ಎಂದು ಸಂದೇಶದಲ್ಲಿದೆಯೇ?
2. ಫಲಿಸದೇ ಹೋದವರ ಲೆಕ್ಕ ಯಾರಾದರೂ ಇಟ್ಟಿದ್ದಾರೆಯೇ?
3. ಇದು ಸುಳ್ಳಾಗಿ, ಯಾರಾದರೂ ನಂಬಿ ನಡೆದರೆ ಜೀವ ಹೋಗುತ್ತದೆಯೇ?

ಮೂರನೆಯದಕ್ಕೆ "ಹೌದು" ಎಂದಾದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಬದಲಿಗೆ ಇದನ್ನು ಕಳಿಸಿ: ಹಾವು ಕಡಿದರೆ ಕೈಕಾಲು ಅಲುಗಾಡಿಸದಂತೆ ಇರಿಸಿ. ಬಿಗಿಯಾಗಿ ಕಟ್ಟಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿ. ಪ್ರಾರ್ಥನೆ ಮಾಡಬೇಕೆನಿಸಿದರೆ ಆಂಬುಲೆನ್ಸ್‌ನಲ್ಲಿ ಕೂತು ಮಾಡಬಹುದು.