ಮತದಾರನ ಊರು ಯಾವುದು?

ಹದಿನೆಂಟು ವರ್ಷ ತುಂಬಿದ ಭಾರತದ ಪ್ರಜೆಗೆ ಮತ ಕೊಡುವ ಹಕ್ಕುಂಟೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಮತವನ್ನು ಯಾವ ಊರಿನಲ್ಲಿ ಕೊಡತಕ್ಕದ್ದು, ತಾನು ಆ ಊರಿನವನೆಂದು ತೋರಿಸುವ ಬಗೆ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಚಾರಮಾಡೋಣ.

1950ನೆಯ ಇಸವಿಯ ಪ್ರಜಾಪ್ರಾತಿನಿಧ್ಯ ಅಧಿನಿಯಮವು, ಒಂದು ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸಿಸುವವನೇ ಅಲ್ಲಿನ ಮತದಾರನೆಂದು ವಿಧಿಸುತ್ತದೆ. ಮನೆಯ ಒಡೆತನವೊಂದರಿಂದಲೇ ಯಾರೂ ನಿವಾಸಿಯೆನಿಸುವುದಿಲ್ಲ. ಕೆಲವು ಕಾಲ ಪರಸ್ಥಳದಲ್ಲಿದ್ದ ಮಾತ್ರಕ್ಕೆ ನಿವಾಸವು ತಪ್ಪಿಹೋಗುವುದೂ ಇಲ್ಲ. ಮೈಸೂರಿನ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು, ಬೆಂಗಳೂರಿನ ಬಾಡಿಗೆಯ ಕೋಣೆಯಲ್ಲಿ ಸಂಸಾರ ಹೂಡಿದವನು ಬೆಂಗಳೂರಿನ ಮತದಾರನೇ ಸರಿ. ಒಬ್ಬನ ಹೆಸರು ಎರಡು ಕ್ಷೇತ್ರಗಳ ಪಟ್ಟಿಯಲ್ಲಿ ಇರಕೂಡದು.

ಹಾಗಾದರೆ ವಾಸಕ್ಕೆ ಸಾಕ್ಷಿ ಯಾವುದು? ಈ ಪ್ರಶ್ನೆ ಗಣರಾಜ್ಯಕ್ಕಿಂತಲೂ ಹಳೆಯದು. 1948ರಲ್ಲಿ ಮೊದಲ ಮತದಾರರ ಪಟ್ಟಿಯ ಕರಡು ಸಿದ್ಧವಾಗುತ್ತಿದ್ದಾಗ, ದೇಶವಿಭಜನೆಯಿಂದ ನೆಲೆ ಕಳೆದುಕೊಂಡು ಬಂದ ನಿರಾಶ್ರಿತರ ಬಳಿ ತೋರಿಸಲು ಯಾವ ವಿಳಾಸವಿತ್ತು? ಇಲ್ಲಿಯೇ ಶಾಶ್ವತವಾಗಿ ನೆಲೆಸುವೆವೆಂಬ ಅವರ ಹೇಳಿಕೆಯನ್ನೇ ಅಂದು ಸಾಕೆಂದು ಒಪ್ಪಲಾಯಿತು. ಗುರುತಿನ ನಿಯಮವು ಕಠಿಣವಾದರೆ ಆಗುವ ನಷ್ಟವೂ ಆ ಕಾಲದಲ್ಲೇ ಕಂಡುಬಂದಿತು. ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಹೇಳಿ, ಸ್ವಂತ ಹೆಸರನ್ನು ತಿಳಿಸದ ಸುಮಾರು 28 ಲಕ್ಷ ಸ್ತ್ರೀಯರು 1951-52ರ ಚುನಾವಣೆಯ ಪಟ್ಟಿಯಿಂದ ಹೊರಗುಳಿದರು. ಅವರು ವಾಸವಾಗಿದ್ದುದರಲ್ಲಿ ಸಂಶಯವಿರಲಿಲ್ಲ. ಬರೆದುಕೊಳ್ಳಲು ಹೆಸರು ದೊರೆಯಲಿಲ್ಲ, ಅಷ್ಟೆ.

ಮನೆಯೇ ಇಲ್ಲದವರ ಗತಿಯೇನು? ಅವರಿಂದ ವಿಳಾಸದ ದಾಖಲೆಯನ್ನು ಕೇಳಬೇಕಾಗಿಲ್ಲ. ಅರ್ಜಿಯಲ್ಲಿ ಹೇಳಿದ ಜಾಗದಲ್ಲಿ ಅವರು ನಿಜವಾಗಿ ಮಲಗುವರೇ ಎಂಬುದನ್ನು ಮತಗಟ್ಟೆ ಮಟ್ಟದ ಅಧಿಕಾರಿಯು ರಾತ್ರಿಯ ವೇಳೆ ಹೋಗಿ ನೋಡಬೇಕೆಂದು ಚುನಾವಣಾ ಆಯೋಗವು ವಿಧಿಸಿದೆ. ಕಾಗದವಿಲ್ಲದವನ ಪಾಲಿಗೆ ಅಧಿಕಾರಿಯ ಕಣ್ಣೇ ಸಾಕ್ಷಿ.

ಸುಳ್ಳು ಹೆಸರುಗಳನ್ನು ತಡೆಯುವುದು ಅವಶ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಭಾವಚಿತ್ರವುಳ್ಳ ಗುರುತಿನ ಚೀಟಿಯು 1993ರಲ್ಲಿ ಬಂದದ್ದು ಈ ಉದ್ದೇಶದಿಂದಲೇ. ಆದರೆ ಚೀಟಿ ಕೈಯಲ್ಲಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ಪಟ್ಟಿಯಲ್ಲಿದ್ದ ಹೆಸರನ್ನು ಸಂಶಯದ ಮೇಲೆ ತೆಗೆಯುವ ಮುನ್ನ ಆ ವ್ಯಕ್ತಿಗೆ ತಿಳಿವಳಿಕೆ ಕೊಟ್ಟು ಅವನ ಮಾತನ್ನು ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಲಾಲ್ ಬಾಬು ಹುಸೇನ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು.

ವಾಸವು ನಡೆದ ಸಂಗತಿ, ಕಾಗದವು ಅದರ ಸಾಕ್ಷಿ. ಸಾಕ್ಷಿಯಿಲ್ಲವೆಂದ ಮಾತ್ರಕ್ಕೆ ಸಂಗತಿಯೇ ಸುಳ್ಳೆನ್ನುವುದು ನ್ಯಾಯವಲ್ಲ. ಬಡಾವಣೆಯಿಂದ ಬಡಾವಣೆಗೆ ಮನೆ ಬದಲಾಯಿಸುವ ಪಟ್ಟಣಿಗರಾದ ನಾವು ಚುನಾವಣೆ ಬರುವ ಮೊದಲೇ ಪಟ್ಟಿಯಲ್ಲಿ ನಮ್ಮ ಹೆಸರನ್ನು ನೋಡಿಕೊಳ್ಳೋಣ. ನಮ್ಮ ಪಕ್ಕದಲ್ಲಿ ಕಟ್ಟುತ್ತಿರುವ ಮನೆಯ ಶೆಡ್ಡಿನಲ್ಲಿ ಬಾಳುವ ಕೂಲಿಯವರಿಗೂ ಈ ವಿಧಿಯನ್ನು ತಿಳಿಸೋಣ. ಅವರ ಹಕ್ಕು ನಮ್ಮ ಹಕ್ಕಿಗಿಂತ ಒಂದು ಗುಲಗಂಜಿಯಷ್ಟೂ ಕಡಮೆಯದಲ್ಲ.