ಮಾಲ್ಗುಡಿಯ ನಿರ್ಮಾಣ: ಕಥಾಮಾಲಿಕೆಯಲ್ಲಿ ಸ್ಥಳ ಮತ್ತು ಭಾಷೆ

ಬಿಡಿಕಥೆಗಳನ್ನು ಒಂದೇ ಹೆಸರಿನಡಿ ಪೋಣಿಸುವ ದೂರದರ್ಶನ ಮಾಲಿಕೆಗೆ ಒಂದು ಸೂತ್ರ ಬೇಕಾಗುತ್ತದೆ. ಅಮೆರಿಕದ ವೈಜ್ಞಾನಿಕ ಹಾಗೂ ಅದ್ಭುತ ಕಥೆಗಳ ಮಾಲಿಕೆ ‘ದ ಟ್ವಿಲೈಟ್ ಝೋನ್’ನಲ್ಲಿ (1959–64) ಊರು, ಪಾತ್ರ, ಕಾಲಗಳು ಕಂತಿನಿಂದ ಕಂತಿಗೆ ಬದಲಾಗುತ್ತವೆ, ರಾಡ್ ಸರ್ಲಿಂಗ್ ಅವರ ನಿರೂಪಣೆಯೇ ಅವುಗಳನ್ನು ಬೆಸೆಯುತ್ತದೆ. ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ನಲ್ಲಿ (1986) ಆ ಕೆಲಸವನ್ನು ಊರು ನಿರ್ವಹಿಸುತ್ತದೆ.

ಆರ್.ಕೆ. ನಾರಾಯಣರ ಮಾಲ್ಗುಡಿ ಭೂಪಟದಲ್ಲಿಲ್ಲ. ಅದನ್ನು ಕಟ್ಟಿಯೇ ತೋರಿಸಬೇಕಿತ್ತು. ಅದಕ್ಕೆ ಆಯ್ದುಕೊಂಡದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು. ಆದರೆ ರೈಲು ನಿಲ್ದಾಣವಿಲ್ಲದ ಮಾಲ್ಗುಡಿಯನ್ನು ಕಲ್ಪಿಸುವುದು ಕಷ್ಟ, ಆಗುಂಬೆಗೆ ರೈಲಿಲ್ಲ. ಹಾಗಾಗಿ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣವನ್ನು ಬಳಸಿಕೊಳ್ಳಲಾಯಿತು. ದೂರದ ಎರಡು ಸ್ಥಳಗಳು ತೆರೆಯ ಮೇಲೆ ಒಂದೇ ಊರಾದವು. ಕಲಾನಿರ್ದೇಶನ ಜಾನ್ ದೇವರಾಜ್ ಅವರದು, ರೇಖಾಚಿತ್ರಗಳು ಆರ್.ಕೆ. ಲಕ್ಷ್ಮಣರವು.

ಮಾಲಿಕೆಯ ಮಾತು ಹಿಂದಿ. ನಟರಾದರೋ ಗಿರೀಶ ಕಾರ್ನಾಡ, ಅನಂತನಾಗ್, ವೈಶಾಲಿ ಕಾಸರವಳ್ಳಿ, ಮಾಸ್ಟರ್ ಮಂಜುನಾಥ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯ ನೋಡುಗನಿಗೆ ಆ ಜಡಿಮಳೆಯೂ ತನ್ನದಲ್ಲ, ಆ ನುಡಿಯೂ ತನ್ನದಲ್ಲ. ಮುಖಗಳು ಮಾತ್ರ ಪರಿಚಿತ. ಭಾಷೆಯೊಂದನ್ನೇ ಅಳತೆಗೋಲಾಗಿಸಿಕೊಂಡರೆ ಈ ಕೃತಿ ಕನ್ನಡ ಅಧ್ಯಯನದ ಹೊರಗುಳಿಯುತ್ತದೆ. ಮೂಲ ಇಂಗ್ಲಿಷಿನದು, ಸಂಭಾಷಣೆ ಹಿಂದಿಯದು ಎಂಬುದು ನಿಜ. ಆದರೆ ಅಭಿನಯ, ಅಂಗಳ, ಜಗಲಿಗಳು ಕನ್ನಡದವು. ದೃಶ್ಯಮಾಧ್ಯಮದಲ್ಲಿ ಇವೂ ಪಠ್ಯವೇ. ಅನುವಾದದ ಚರ್ಚೆಯನ್ನು ಪದಗಳಿಗಷ್ಟೇ ಸೀಮಿತಗೊಳಿಸುವ ನಮ್ಮ ರೂಢಿ ಇಲ್ಲಿ ಸಾಲದಾಗುತ್ತದೆ.

2006ರಲ್ಲಿ ಕವಿತಾ ಲಂಕೇಶ್ ಮಾಲಿಕೆಯನ್ನು ಮುಂದುವರಿಸಿದರು. 2020ರಲ್ಲಿ ಅರಸಾಳಿನ ಹಳೆಯ ನಿಲ್ದಾಣ ಕಟ್ಟಡವು ಮಾಲ್ಗುಡಿ ಹೆಸರಿನ ವಸ್ತುಸಂಗ್ರಹಾಲಯವಾಯಿತು.